ಮೇಲಿನ ಹಲಗೆಗೆ 30, ಕೆಳಗಿನದಕ್ಕೆ 15: ಶಿರಸಿಯ ಒಂದು ಬಾಡಿಗೆ ಪುಸ್ತಕದಂಗಡಿ

ಶಿರಸಿಯಲ್ಲಿ ಇಂಗ್ಲಿಷ್ ಕಥೆ ಪುಸ್ತಕ ಬಾಡಿಗೆಗೆ ಸಿಗುತ್ತದೆ ಅಂದರೆ ಹುಬ್ಬಳ್ಳಿ ಕಡೆಯ ಗೆಳೆಯರು ನಂಬುವುದಿಲ್ಲ. ಸಿಗುತ್ತದೆ ಮಾರಾಯ್ರೆ. ದೇವಿಕೆರೆ ಕಡೆಯಿಂದ ಪೇಟೆಗೆ ಬರುವಾಗ ಒಂದು ಗಲ್ಲಿ, ಅಲ್ಲಿ ಕೆಳಗೆ ಟೇಲರ್ ಅಂಗಡಿ, ಅದರ ಪಕ್ಕದಲ್ಲೇ ಮರದ ಮೆಟ್ಟಿಲು, ಹತ್ತಿದರೆ ಮೆತ್ತಿನ ಮೇಲೆ ಎರಡು ಕೋಣೆ ತುಂಬ ಪುಸ್ತಕ. ಬೋರ್ಡ್ ಇಲ್ಲ. ಹಾಕಿಸಿ ಅಂದರೆ "ಬೇಕಾದವರು ಹುಡುಕಿಕೊಂಡು ಬರ್ತಾರೆ ತಮಾ" ಅಂತಾರೆ ಅಂಗಡಿಯವರು. ಹಾಗಾಗಿ ಹೆಸರು ಕೇಳಬೇಡಿ, ಟೇಲರ್ ಹತ್ತಿರ "ಮೆತ್ತಿನ ಮೇಲೆ ಪುಸ್ತಕ" ಅಂದರೆ ಸಾಕು, ಅವರು ಕತ್ತರಿ ಕೆಳಗಿಡದೆ ಗದ್ದದಲ್ಲೇ ಮೆಟ್ಟಿಲು ತೋರಿಸುತ್ತಾರೆ.

ಪತ್ತೇದಾರಿ, ವೈಜ್ಞಾನಿಕ ಕಥೆ, ಫ್ಯಾಂಟಸಿ, ಕಾಮಿಕ್ಸ್, ಒಂದಷ್ಟು ಹಳೆ ಡಿವಿಡಿ. ಇಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಈ ಅಂಗಡಿಯ ಕಥೆಯೇ ಬೇರೆ. ಇಲ್ಲಿ ಒಂದೊಂದು ಕಥಾಲೋಕಕ್ಕೆ ಒಂದೊಂದು ರ್ಯಾಕ್. ಪ್ರತಿ ರ್ಯಾಕಿನ ನಡುವೆ ಕೆಂಪು ಬಣ್ಣ ಬಳಿದ ಒಂದು ಮರದ ಪಟ್ಟಿ. ಪಟ್ಟಿಯ ಮೇಲೆ ಇರುವುದು ಆ ಲೋಕದಲ್ಲಿ ನಿಜವಾಗಿ ನಡೆದದ್ದು ಅಂತ ಲೆಕ್ಕ. ಕೆಳಗಿರುವುದು ಲೆಕ್ಕಕ್ಕಿಲ್ಲ. ಅಭಿಮಾನಿಗಳು ಇದನ್ನೇ ಕ್ಯಾನನ್ ಅಂತಾರೆ, ರಾತ್ರಿಯಿಡೀ ಇದಕ್ಕೇ ಜಗಳ ಆಡ್ತಾರೆ. ಈ ಅಂಗಡಿಯಲ್ಲಿ ಆ ಜಗಳಕ್ಕೆ ದರಪಟ್ಟಿ ಬೇರೆ ಇದೆ: ಮೇಲಿನ ಪುಸ್ತಕಕ್ಕೆ ವಾರಕ್ಕೆ 30 ರೂಪಾಯಿ, ಕೆಳಗಿನದಕ್ಕೆ 15. ಡೆಪಾಸಿಟ್ 300.

ಇನ್ನೊಂದು ವಿಶೇಷ ಚೀಟಿ. ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ, ಹಳೆ ಲೈಬ್ರರಿಗಳಲ್ಲಿ ಕಾರ್ಡು ಇಡುತ್ತಿದ್ದ ಹಾಗೆ, ಒಂದು ಕಾಗದದ ಜೇಬು. ಅದರಲ್ಲಿ ಅಂಗಡಿಯವರ ಕೈಬರಹದ ಚೀಟಿ. ಈ ಪುಸ್ತಕ ಯಾಕೆ ಮೇಲೆ, ಯಾಕೆ ಕೆಳಗೆ, ಯಾರು ಹೇಳಿದ್ದು, ಯಾವ ವರ್ಷ ಹೇಳಿದ್ದು. ಒಪ್ಪದಿದ್ದರೆ ಅದೇ ಚೀಟಿಯ ಹಿಂದೆ ನೀವೂ ಬರೆಯಬಹುದು. ಕೆಲವು ಚೀಟಿಗಳಿಗೆ ಪಿನ್ ಹೊಡೆದು ಹೊಡೆದು ಪುಸ್ತಕದ ರಟ್ಟೇ ಉಬ್ಬಿದೆ.

ಮೊದಲು ಪತ್ತೇದಾರ ಷರ್ಲಾಕ್ ಹೋಮ್ಸ್ ರ್ಯಾಕ್ ನೋಡಿ. ಎಲ್ಲಕ್ಕಿಂತ ಸುಲಭದ್ದು ಅಂತ ಅನ್ನಿಸುತ್ತದೆ. 4 ಕಾದಂಬರಿ, 56 ಸಣ್ಣ ಕಥೆ, ಒಟ್ಟು 60, ಎಲ್ಲ ಕಾನನ್ ಡಾಯ್ಲ್ ಬರೆದದ್ದು, 1887ರಿಂದ 1927ರವರೆಗೆ. ಇವೆಲ್ಲ ಮೇಲೆ. ಬೇರೆಯವರು ಬರೆದದ್ದೆಲ್ಲ ಕೆಳಗೆ. ಮುಗಿಯಿತಲ್ವಾ? ಮುಗಿಯಲಿಲ್ಲ. ಡಾಯ್ಲ್ ತಾವೇ ಹೋಮ್ಸ್ ಮತ್ತು ಅವನ ಗೆಳೆಯ ಡಾಕ್ಟರ್ ವಾಟ್ಸನ್‌ನನ್ನು ಇಟ್ಟುಕೊಂಡು ಎರಡು ಪುಟಾಣಿ ತಮಾಷೆ ಬರಹ ಬರೆದಿದ್ದಾರೆ, ಒಂದು 1896ರಲ್ಲಿ, ಇನ್ನೊಂದು 1924ರಲ್ಲಿ. ಅವನ್ನು ಸಾಮಾನ್ಯವಾಗಿ 60ರ ಲೆಕ್ಕಕ್ಕೆ ಸೇರಿಸುವುದಿಲ್ಲ. ಇಲ್ಲಿಯೂ ಕೆಳಗೇ ಇವೆ. ಚೀಟಿಯಲ್ಲಿ "ಬರೆದವರು ಅವರೇ, ಆದರೆ ತಮಾಷೆಗೆ" ಅಂತಿದೆ. ಅದರ ಹಿಂದೆ ಯಾರೋ ನೀಲಿ ಇಂಕಿನಲ್ಲಿ "ಉಳಿದ 60 ಏನು ಪೂಜೆಗೆ ಬರೆದದ್ದಾ?" ಅಂತ ಕೇಳಿದ್ದಾರೆ. ಉತ್ತರ ಇನ್ನೂ ಯಾರೂ ಬರೆದಿಲ್ಲ.

ಆ 60ರ ಒಳಗಾದರೂ ಎಲ್ಲ ಸರಿ ಇದೆಯಾ ಅಂದರೆ ಅದೂ ಇಲ್ಲ. ವಾಟ್ಸನ್‌ಗೆ ಮೊದಲ ಕಾದಂಬರಿಯಲ್ಲಿ ಗುಂಡು ತಗುಲಿದ್ದು ಭುಜಕ್ಕೆ, ಎರಡನೆಯದರಲ್ಲಿ ನೋವು ಕಾಲಿಗೆ ಇಳಿದಿದೆ. ಹೆಸರು ಜಾನ್, ಆದರೆ ಒಂದು ಕಥೆಯಲ್ಲಿ ಹೆಂಡತಿಯೇ ಜೇಮ್ಸ್ ಅಂತ ಕರೆಯುತ್ತಾಳೆ. ಡಾಯ್ಲ್ ಅವಸರದಲ್ಲಿ ಬರೆದರು, ತಿರುಗಿ ನೋಡಲಿಲ್ಲ, ಅಷ್ಟೇ. ಅಭಿಮಾನಿಗಳು ಬಿಡಬೇಕಲ್ಲ. ಮುಂದೆ ಪಾದ್ರಿಯಾದ ರೊನಾಲ್ಡ್ ನಾಕ್ಸ್ ಅನ್ನುವವರು 1911ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಪ್ರಬಂಧ ಓದಿದರು, ಬೈಬಲ್ ಪಂಡಿತರು ಬೈಬಲನ್ನು ಕೆದಕುವ ರೀತಿಯಲ್ಲೇ ಹೋಮ್ಸ್ ಕಥೆಗಳನ್ನು ಕೆದಕಿದರು. ಪಂಡಿತರನ್ನು ಗೇಲಿ ಮಾಡಲು ಮಾಡಿದ್ದು ಅದು. ಆಮೇಲೆ ಬಂದವರು ಗೇಲಿಯನ್ನೇ ಕಸುಬು ಮಾಡಿಕೊಂಡರು. ಹೋಮ್ಸ್ ಅಂದ ಕೂಡಲೇ ಕಣ್ಣಿಗೆ ಕಟ್ಟುವ ಆ ಡೀರ್‌ಸ್ಟಾಕರ್ ಟೋಪಿಯ ಹೆಸರು 60ರಲ್ಲಿ ಎಲ್ಲೂ ಇಲ್ಲ, ಒಂದು ಕಡೆ ಕಿವಿ ಮುಚ್ಚುವ ಪ್ರಯಾಣದ ಟೋಪಿ ಅಂತ ಬರುತ್ತದೆ, ಉಳಿದದ್ದು ಚಿತ್ರ ಬರೆದ ಸಿಡ್ನಿ ಪ್ಯಾಜೆಟ್ ಕೈಚಳಕ. ಹಾಗಾದರೆ ಟೋಪಿ ಪಟ್ಟಿಯ ಮೇಲಾ ಕೆಳಗಾ? ಈ ರ್ಯಾಕಿನ ಪಕ್ಕದ ಗೋಡೆಗೆ ಒಂದು ಟೋಪಿ ನೇತು ಹಾಕಿದ್ದಾರೆ, ಸರಿಯಾಗಿ ಕೆಂಪು ಪಟ್ಟಿಯ ಎತ್ತರಕ್ಕೆ. ನಗು ಬಂತು ನನಗೆ.

ಫ್ಯಾಂಟಸಿ ಬರೆದ ಟೋಲ್ಕಿನ್ ರ್ಯಾಕ್ ಇದಕ್ಕಿಂತ ಗಂಭೀರ. 'ಹಾಬಿಟ್' ಮೊದಲು ಬಂದದ್ದು 1937ರಲ್ಲಿ. ಅದರಲ್ಲಿ ಗುಹೆಯಲ್ಲಿರುವ ಗೊಲ್ಲಮ್ ಅನ್ನುವ ಜೀವಿ, ಕಥಾನಾಯಕ ಬಿಲ್ಬೋ ಜೊತೆಗಿನ ಒಗಟಿನ ಪಂದ್ಯದಲ್ಲಿ ಸೋತರೆ ಉಂಗುರವನ್ನೇ ಬಹುಮಾನ ಕೊಡುತ್ತೇನೆ ಅನ್ನುತ್ತಾನೆ, ಸೋತ ಮೇಲೆ ಉಂಗುರ ಸಿಗದೆ ಒದ್ದಾಡಿ, ಬದಲಿಗೆ ಹೊರಗೆ ಹೋಗುವ ದಾರಿ ತೋರಿಸುತ್ತಾನೆ. ಆಮೇಲೆ ಟೋಲ್ಕಿನ್ 'ಲಾರ್ಡ್ ಆಫ್ ದಿ ರಿಂಗ್ಸ್' ಅನ್ನುವ ದೊಡ್ಡ ಕಥೆ ಬರೆಯುತ್ತಾ ಹೋದಂತೆ ಆ ಉಂಗುರ ಎಂಥ ಕೆಟ್ಟದ್ದು ಅಂತ ಆಯಿತು, ಅದನ್ನು ಯಾರೂ ಸುಮ್ನೆ ಕೊಡುವ ಹಾಗೇ ಇಲ್ಲ. ಹಾಗಾಗಿ 1951ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನೇ ತಿದ್ದಿದರು. ಈಗ ಸಿಗುವುದು ತಿದ್ದಿದ್ದೇ. ಆದರೆ ಹಳೆಯದನ್ನು ಅವರು ಹರಿದು ಬಿಸಾಡಲಿಲ್ಲ ನೋಡಿ. ಆ ದೊಡ್ಡ ಪುಸ್ತಕದ ಮುನ್ನುಡಿಯಲ್ಲಿ, ಹಳೆಯದು ಬಿಲ್ಬೋ ತನ್ನ ಡೈರಿಯಲ್ಲಿ ಬರೆದುಕೊಂಡ ಸುಳ್ಳು, ಉಂಗುರ ತನ್ನದೇ ಅಂತ ತೋರಿಸಲು ಕಟ್ಟಿದ ಕಥೆ ಅಂದುಬಿಟ್ಟರು. ಕ್ಯಾನನ್ ಬದಲಾಯಿಸುವುದಾದರೆ ಹೀಗೆ ಬದಲಾಯಿಸಬೇಕು. ಹಳೆಯದನ್ನು ಓದಿದವರಿಗೂ ಒಳಗೆ ಒಂದು ಜಾಗ ಉಳಿಯಿತು.

ಇದನ್ನು ನಾನು ಮೊದಲು ಓದಿದ್ದು ಯಾವ ಪುಸ್ತಕದಲ್ಲೂ ಅಲ್ಲ, ಈ ಅಂಗಡಿಯ ಚೀಟಿಯಲ್ಲಿ. ಎರಡೂ ಬದಿ ತುಂಬಿ ಅಂಚಿಗೆಲ್ಲ ಸುತ್ತಿಕೊಂಡು ಬರೆದಿದ್ದಾರೆ.

ಅದೇ ರ್ಯಾಕಿನಲ್ಲಿ 'ಸಿಲ್ಮರಿಲಿಯನ್' ಇದೆ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ, ಈ ಪುಸ್ತಕ ಬಂದದ್ದು 1977ರಲ್ಲಿ, ಅಪ್ಪ ಬಿಟ್ಟುಹೋದ ಕರಡುಗಳನ್ನು ಮಗ ಕ್ರಿಸ್ಟೋಫರ್ ಆರಿಸಿ ಜೋಡಿಸಿದ್ದು. ಕರಡುಗಳೋ ಒಂದಕ್ಕೊಂದು ತಾಳೆ ಆಗುವುದಿಲ್ಲ. ಮಗ ಆರಿಸಿದ್ದನ್ನು ಅಪ್ಪನ ಮಾತು ಅನ್ನಬಹುದಾ? ಅಂಗಡಿಯವರು ಇದನ್ನು ಮೇಲೂ ಇಟ್ಟಿಲ್ಲ, ಕೆಳಗೂ ಇಟ್ಟಿಲ್ಲ. ಕೆಂಪು ಪಟ್ಟಿಯ ಮೇಲೆಯೇ ಅಡ್ಡ ಮಲಗಿಸಿದ್ದಾರೆ. ಬಾಡಿಗೆ 20. ಯಾಕೆ 22.50 ಅಲ್ಲ ಅಂತ ಕೇಳಿದೆ, "ಚಿಲ್ಲರೆ ಎಲ್ಲಿಂದ ತರ್ಲಿ" ಅಂದರು.

ನಿಜವಾದ ಯುದ್ಧಭೂಮಿ ಸ್ಟಾರ್ ವಾರ್ಸ್ ರ್ಯಾಕ್. ಅದರ ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು. ಶನಿವಾರ ಸಂಜೆ ಹೋದರೆ ಮೂರೂ ಭರ್ತಿ.

ಹಿನ್ನೆಲೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಟಾರ್ ವಾರ್ಸ್ ಅಂದರೆ ಬಾಹ್ಯಾಕಾಶದ ಸಾಹಸದ ಸಿನಿಮಾ ಸರಣಿ. ಸಿನಿಮಾಗಳ ಜೊತೆಗೆ ದಶಕಗಳ ಕಾಲ ನೂರಾರು ಕಾದಂಬರಿ, ಕಾಮಿಕ್ಸ್, ಗೇಮ್ ಬಂದವು. ಸಿನಿಮಾ ಮಾಡಿದ ಲ್ಯೂಕಾಸ್‌ಫಿಲ್ಮ್ ಕಂಪನಿಯೇ ಅವಕ್ಕೆಲ್ಲ ಮೇಲು ಕೆಳಗು ಅಂತ ಒಂದು ಲೆಕ್ಕ ಇಟ್ಟಿತ್ತು: ಸಿನಿಮಾ ಎಲ್ಲಕ್ಕಿಂತ ಮೇಲೆ, ಟಿವಿ ಅದರ ಕೆಳಗೆ, ಪುಸ್ತಕ ಇನ್ನೂ ಕೆಳಗೆ, ಆದರೂ ಎಲ್ಲ ಒಂದೇ ಮನೆಯೊಳಗೆ. 2012ರಲ್ಲಿ ಡಿಸ್ನಿ ಲ್ಯೂಕಾಸ್‌ಫಿಲ್ಮನ್ನು ಕೊಂಡುಕೊಂಡಿತು. 2014ರ ಏಪ್ರಿಲ್‌ನಲ್ಲಿ ಒಂದು ಪ್ರಕಟಣೆ ಬಂತು: ಅಲ್ಲಿಯವರೆಗಿನ ಆ ಪುಸ್ತಕ, ಕಾಮಿಕ್ಸ್ ಎಲ್ಲ ಇನ್ನು ಮೇಲೆ ಲೆಜೆಂಡ್ಸ್. ಅಂದರೆ ದಂತಕಥೆ. ಓದಿ, ಖುಷಿಪಡಿ, ಆದರೆ ನಡೆದದ್ದು ಅಂತ ತಿಳಿಯಬೇಡಿ. ಹೊಸ ಸಿನಿಮಾ ಮಾಡುವವರ ಕಷ್ಟವೂ ಅರ್ಥ ಆಗುತ್ತದೆ ಅನ್ನಿ. 1999ರ ಒಂದು ಕಾದಂಬರಿಯಲ್ಲಿ, ಹಳೆ ಸಿನಿಮಾಗಳ ಪಾತ್ರ ಚ್ಯೂಬಾಕಾನ ಮೇಲೆ ಒಂದು ಚಂದ್ರನನ್ನೇ ಬೀಳಿಸಿ ಸಾಯಿಸಿದ್ದರು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 2015ರ ಸಿನಿಮಾದಲ್ಲಿ ಅವನನ್ನು ಎಲ್ಲಿಂದ ತರುವುದು?

ಈ ರ್ಯಾಕಿನಲ್ಲಿ ನಾನು ಎಲ್ಲರಿಗೂ ತೋರಿಸುವ ಚೀಟಿ ಒಂದಿದೆ. ಟಿಮೊಥಿ ಝಾನ್ ಬರೆದ, ಥ್ರಾನ್ ಅನ್ನುವ ಖಳನಾಯಕ ಮೊದಲು ಕಾಣಿಸಿಕೊಂಡ 1991ರ ಕಾದಂಬರಿಯದ್ದು. ಮೂರು ಸಾಲು, ಮೂರು ಬೇರೆ ಬೇರೆ ಪೆನ್ನು:

"1991: ಮೇಲೆ.
2014 ಏಪ್ರಿಲ್: ಕೆಳಗೆ.
2016: ಈ ಪಾತ್ರ ಮೇಲೆ, ಈ ಪುಸ್ತಕ ಕೆಳಗೆ."

ಯಾಕೆಂದರೆ 2016ರಲ್ಲಿ ಅದೇ ಥ್ರಾನ್‌ನನ್ನು ಒಂದು ಅನಿಮೇಷನ್ ಸರಣಿಗೆ ಮರಳಿ ತಂದರು. ಮರುವರ್ಷ ಅದೇ ಝಾನ್ ಅವರಿಂದಲೇ ಅವನ ಬಗ್ಗೆ ಹೊಸ ಕಾದಂಬರಿ ಬರೆಸಿದರು, ಅದು ಅಧಿಕೃತ. ಒಬ್ಬನೇ ಲೇಖಕ, ಒಂದೇ ಪಾತ್ರ, ಒಂದು ಪುಸ್ತಕ 30 ರೂಪಾಯಿ, ಒಂದು 15.

ಇಂಜಿನಿಯರಿಂಗ್ ಓದುವ ಒಬ್ಬ ಮಾಣಿ ಬರುತ್ತಾನೆ, ಅವನದು ಕಾನೂನಿನ ಮಾತು. "ಕಂಪನಿ ಹೇಳಿದ್ಮೇಲೆ ಮುಗೀತು ಸರ್, ಹಕ್ಕು ಅವರದ್ದು." ಎದುರಿಗೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದಾಗ ಈ ಕಾದಂಬರಿಗಳನ್ನು ಸಂಬಳದಲ್ಲಿ ಉಳಿಸಿ ಕೊಂಡವರು. ಅವರು ಕೇಳಿದರು: "ಹಕ್ಕು ಅವರದ್ದೇ ಇರ್ಲಿ. ಕಂಪನಿ ಕೈ ಬದಲಾಯ್ತು ಅಂತ ನಾನು ಓದಿದ್ದು ಓದಿಲ್ಲ ಅಂತಾಗ್ತದ?" ಮಾಣಿ ಬಿಡಲಿಲ್ಲ. "ಓದಿದ್ದು ಓದಿದ್ದೇ ಸರ್, ನಡೆದಿಲ್ಲ ಅಷ್ಟೇ." ಅವರಿಗೆ ಸಿಟ್ಟು ಬಂತು. "ಯಾವುದು ನಡೆದಿದೆ ಮಾರಾಯ ಇದರಲ್ಲಿ?"

ನನ್ನ ಓಟು ಬ್ಯಾಂಕಿನವರಿಗೆ, ಆದರೆ ಪೂರ್ತಿ ಅಲ್ಲ. ಮುಂದಿನ ಸಿನಿಮಾಕ್ಕೆ ಕಥೆ ಬರೆಯುವವನಿಗೆ ಗೆರೆ ಬೇಕು, ಒಪ್ಪುತ್ತೇನೆ. ಓದುವವನಿಗೆ ಅದೇ ಗೆರೆ ಯಾಕೆ ಬೇಕು? ಆ ಗೆರೆಯನ್ನು ಎಳೆದದ್ದು ಕಥೆ ಕೆಟ್ಟದಾಗಿತ್ತು ಅಂತಲ್ಲ, ಹೊಸ ಮಾಲೀಕರಿಗೆ ಜಾಗ ಖಾಲಿ ಬೇಕಿತ್ತು ಅಂತ. ಸಿನಿಮಾಗಳೇ ಒಂದೇ ಥರ ಉಳಿದಿಲ್ಲ. 1977ರ ಸಿನಿಮಾದಲ್ಲಿ ಹೋಟೆಲಿನ ಮೇಜಿನ ಕೆಳಗಿಂದ ನಾಯಕರಲ್ಲೊಬ್ಬನಾದ ಹ್ಯಾನ್ ಸೋಲೋ, ತನ್ನನ್ನು ಹಿಡಿಯಲು ಬಂದ ಗ್ರೀಡೋಗೆ ಗುಂಡು ಹೊಡೆಯುತ್ತಾನೆ, ಎದುರಿನವನು ಹೊಡೆಯುವುದೇ ಇಲ್ಲ. 1997ರಲ್ಲಿ ತಿದ್ದಿ ಬಿಟ್ಟಾಗ ಗ್ರೀಡೋ ಮೊದಲು ಹೊಡೆದ ಹಾಗೆ ಮಾಡಿದರು, ನಾಯಕ ಒಳ್ಳೆಯವನಾಗಿ ಕಾಣಲಿ ಅಂತ. ತಿದ್ದಿದ್ದು ಸ್ಟಾರ್ ವಾರ್ಸ್ ಹುಟ್ಟಿಸಿದ ಸ್ವತಃ ಜಾರ್ಜ್ ಲ್ಯೂಕಾಸ್. ಆದರೂ ಅಭಿಮಾನಿಗಳು ಇವತ್ತಿಗೂ ಹಳೆಯದನ್ನೇ ಹಿಡಿದು ಕೂತಿದ್ದಾರೆ. ಅಂದರೆ ಕಂಪನಿಯ ಮಾತಿರಲಿ, ಹುಟ್ಟಿಸಿದವನ ಮಾತನ್ನೂ ಜನ ಕೇಳುವುದಿಲ್ಲ. ಇದನ್ನು ಹೇಳಿದರೆ ಮಾಣಿಯೂ ಒಂದು ಗಳಿಗೆ ಸುಮ್ಮನಾಗುತ್ತಾನೆ, ಯಾಕೆಂದರೆ ಹ್ಯಾನ್ ಸೋಲೋ ವಿಷಯದಲ್ಲಿ ಅವನೂ ಹಳೆಯದರ ಪಕ್ಷ.

ಇದನ್ನೆಲ್ಲ ಕೇಳುತ್ತಾ ಸ್ಟೂಲಿನ ಮೇಲೆ ಕೂತ ಇನ್ನೊಬ್ಬರಿದ್ದಾರೆ. ತೋಟದವರು, ಅಡಿಕೆ ವ್ಯಾಪಾರಕ್ಕೆ ಪೇಟೆಗೆ ಬಂದಾಗ ಇಲ್ಲಿ ಹಾಜರಿ ಹಾಕುತ್ತಾರೆ. ತಾಳಮದ್ದಲೆಯಲ್ಲಿ ಅರ್ಥ ಹೇಳುವ ಹವ್ಯಾಸ. ಸ್ಟಾರ್ ವಾರ್ಸ್ ಒಂದೂ ನೋಡಿಲ್ಲ. ಒಂದು ಸಂಜೆ ಇವರು ಬಾಯಿ ಹಾಕಿದರು. "ಅಲ್ಲೋ ತಮಾ, ನಿನ್ನ ಲೆಕ್ಕ ಹಿಡಿದರೆ ಚಂದ್ರಹಾಸ ಎಲ್ಲಿಗೆ ಹೋಗ್ತಾನೆ? ಸುಧನ್ವ ಎಲ್ಲಿಗೆ ಹೋಗ್ತಾನೆ? ವ್ಯಾಸರ ಭಾರತದಲ್ಲಿ ಇಬ್ಬರೂ ಇಲ್ಲ, ಬಂದದ್ದು ಜೈಮಿನಿಯಲ್ಲಿ. ಲಕ್ಷ್ಮೀಶ ಕನ್ನಡಕ್ಕೆ ತಂದ. ನಮ್ಮಲ್ಲಿ ಅವರ ಪ್ರಸಂಗ ಆದಷ್ಟು ಮತ್ಯಾರದ್ದೂ ಆಗಲಿಲ್ಲ. ಕೆಳಗೆ ಇಡ್ತ್ಯಾ ಅವರನ್ನ?" ಮಾಣಿ ತಲೆ ಕೆರೆದುಕೊಂಡ. ಬ್ಯಾಂಕಿನವರು ಗೆದ್ದೆ ಅಂತ ನಕ್ಕರು. ಅವರನ್ನೂ ಬಿಡಲಿಲ್ಲ. "ನೀವು ನಗೂದು ಬ್ಯಾಡ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಮುಂದಿನದ್ದು ಬರೆದದ್ದು ತಿಮ್ಮಣ್ಣ ಕವಿ. ಎಷ್ಟು ಜನ ಓದಿದ್ದೀರಿ? ಇದಕ್ಕೆ ಯಾವ ಕಂಪನಿ ಬೇಡ ಅಂದಿತ್ತು?"

ಆಮೇಲೆ ಅವರು ಹೇಳಿದ್ದು ನನಗೆ ಈ ಅಂಗಡಿಯ ಬಗ್ಗೆಯೇ ಅನ್ನಿಸಿತು. ಅರ್ಥ ಹೇಳುವಾಗ ಎದುರಿನವನು ಇದು ಎಲ್ಲಿದೆ ಅಂತ ಕೇಳಿದರೆ ವ್ಯಾಸರದ್ದು ಅನ್ನಬಹುದು, ಜೈಮಿನಿಯದ್ದು ಅನ್ನಬಹುದು, ಪ್ರಸಂಗಕರ್ತನದ್ದು ಅನ್ನಬಹುದು. "ಯಾರದ್ದು ಅಂತ ಹೇಳಿ ಮಾತಾಡು, ಮತ್ತೆ ಏನು ಬೇಕಾದರೂ ಮಾತಾಡು" ಅಂದರು. ಅಂಗಡಿಯವರ ಚೀಟಿ ಮಾಡುವುದು ಇದನ್ನೇ. ಪಟ್ಟಿ ಕೆಂಪಗಿದ್ದರೂ ಚೀಟಿ ತೆಗೆದು ಓದಿದರೆ ಅದನ್ನು ಎಳೆದವರು ಯಾರು, ಯಾವಾಗ, ಯಾವ ಲಾಭಕ್ಕೆ ಅಂತ ಗೊತ್ತಾಗುತ್ತದೆ. ಆಮೇಲೆ ಒಪ್ಪುವುದು ಬಿಡುವುದು ನಿಮ್ಮ ಇಷ್ಟ.

ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶ ಟಿವಿ ಸರಣಿಯ ರ್ಯಾಕ್ ಸಣ್ಣದು. 1973ರ ಅನಿಮೇಷನ್ ಸರಣಿಯ ಡಿವಿಡಿ ಕೆಳಗಿದೆ, ಮೂಲಪುರುಷ ರಾಡನ್‌ಬೆರಿಯೇ ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿದ್ದರು. ಆದರೆ ಕ್ಯಾಪ್ಟನ್ ಕರ್ಕ್ ಹೆಸರಿನ ನಡುವಿನ ಟಿ ಅಂದರೆ ಟೈಬೀರಿಯಸ್ ಅಂತ ಪರದೆಯ ಮೇಲೆ ಮೊದಲು ಹೇಳಿದ್ದು ಅದೇ ಸರಣಿ, 1991ರ ಸಿನಿಮಾ ಅದನ್ನು ಹಾಗೇ ಎತ್ತಿಕೊಂಡಿತು. ಚೀಟಿ: "ಹೆಸರು ಮೇಲೆ, ಸೀರಿಯಲ್ ಕೆಳಗೆ." ಸಾಕು.

ಈಗ ದೂರುಗಳು. ಇವೆ, ಬೇಕಾದಷ್ಟಿವೆ.

ಮೊದಲನೆಯದು ಬಾಡಿಗೆ. ಮೇಲಿನದಕ್ಕೆ ಡಬಲ್ ಯಾಕೆ? ಮೇಲಿನದಕ್ಕೆ ಗಿರಾಕಿ ಜಾಸ್ತಿ ಅನ್ನುವುದು ಅಂಗಡಿಯವರ ಉತ್ತರ. ಸರಿ, ಆದರೆ ಚೀಟಿಯಲ್ಲಿ ಅಷ್ಟು ನ್ಯಾಯವಾಗಿ ಎರಡೂ ಕಡೆಯ ಮಾತು ಬರೆದು, ಗಲ್ಲಾದಲ್ಲಿ ಕಂಪನಿಯ ಪಕ್ಷ ಹಿಡಿದ ಹಾಗಾಯಿತಲ್ವಾ? ಎಲ್ಲಕ್ಕೂ 20 ಮಾಡಿ ಅಂತ ಚೀಟಿಯಲ್ಲಿ ಬರೆದು ಬಂದಿದ್ದೇನೆ.

ಎರಡನೆಯದು ಇನ್ನೂ ದೊಡ್ಡದು. ಹೊಸದಾಗಿ ಓದಲು ಬರುವ ಮಕ್ಕಳು ಇಲ್ಲಿ ಕಂಗಾಲಾಗುತ್ತಾರೆ. ಒಂದು ಶನಿವಾರ ಸಿದ್ದಾಪುರ ಕಡೆಯ ಒಬ್ಬ ಹೈಸ್ಕೂಲು ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಸ್ಟಾರ್ ವಾರ್ಸ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಳು. ಕೇಳಬಾರದಿತ್ತು. ಮೂರು ಕುರ್ಚಿಯಿಂದ ಮೂರು ಉತ್ತರ. ಬಿಡುಗಡೆಯಾದ ಕ್ರಮದಲ್ಲಿ ಅಂತ ಒಬ್ಬರು, ಕಥೆ ನಡೆದ ಕ್ರಮದಲ್ಲಿ ಅಂತ ಇನ್ನೊಬ್ಬರು, ಮೊದಲು ಚಂದ್ರಹಾಸ ಪ್ರಸಂಗ ನೋಡು ಕೂಸೆ ಅಂತ ತೋಟದವರು. ಅಪ್ಪ ಗಡಿಯಾರ ನೋಡಿಕೊಳ್ಳುತ್ತಿದ್ದರು. ವಾದ ಜೋರಾಗಿ ಇವರಿಗೆ ಹುಡುಗಿ ಇದ್ದದ್ದೇ ಮರೆತುಹೋಯಿತು. ಅವಳು ಮೆಲ್ಲಗೆ ಬಗ್ಗಿ ಕೆಳಗಿನ ಹಲಗೆಯಿಂದ ಒಂದು ಹಳೆ ಕಾಮಿಕ್ಸ್ ಎಳೆದು, ಬಣ್ಣ ಚೆನ್ನಾಗಿದೆ ಅಂತ ಅಪ್ಪನಿಗೆ ತೋರಿಸಿ, ಹಣ ಕೊಡಿಸಿ ಇಳಿದು ಹೋದಳು. ಚೀಟಿ ಮಾತ್ರ ತೆಗೆದು ಗಲ್ಲಾದ ಮೇಲೆ ಇಟ್ಟು ಹೋಗಿದ್ದಳು. ಅಂಗಡಿಯವರು ಕನಿಷ್ಠ ಬಾಗಿಲ ಹತ್ತಿರ ಪಟ್ಟಿಯಿಲ್ಲದ ಒಂದು ರ್ಯಾಕ್ ಇಡಬೇಕು, ಶುರು ಮಾಡುವವರಿಗೆ ಅಂತ.

ಮೂರನೆಯದು ಬೂಷ್ಟು. ಶಿರಸಿಯ ಮಳೆಗಾಲ ಗೊತ್ತಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಹಾಕುತ್ತಾರೆ, ಮಧ್ಯಾಹ್ನ ಬಲ್ಬು ಉರಿಸಿ ಇಡುತ್ತಾರೆ, ಆದರೂ ಆಷಾಢದಲ್ಲಿ ನುಣುಪು ಕಾಗದದ ಕಾಮಿಕ್ಸ್ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಲವಂತವಾಗಿ ಬಿಡಿಸಿದರೆ ನಾಯಕನ ಮುಖ ಎದುರಿನ ಪುಟಕ್ಕೆ ಹೋಗುತ್ತದೆ. ಅಲರ್ಜಿ ಇರುವವರು ಮಳೆ ಬಿಟ್ಟ ಮೇಲೆ ಹೋಗಿ.

ಇನ್ನು ಒಂದು ಸಿಟ್ಟು. ನಾನು ತಂದ ಹೋಮ್ಸ್ ಸಂಪುಟವೊಂದರಲ್ಲಿ ಒಂದು ಕಥೆಯ ಕೊನೆಯ ಹಾಳೆಯೇ ಇರಲಿಲ್ಲ. ಕೊಲೆ ಮಾಡಿದ್ದು ಯಾರು ಅಂತ ಹೇಳುವ ಹಾಳೆ. ಆ ಪುಸ್ತಕ ಯಾಕೆ ಮೇಲಿನ ಹಲಗೆಯಲ್ಲಿದೆ ಅಂತ ಉದ್ದದ ಚೀಟಿ ಇತ್ತು, ಹಾಳೆ ಹರಿದಿದೆ ಅಂತ ಒಂದು ಸಾಲು ಇರಲಿಲ್ಲ. ವಾಪಸ್ ಕೊಟ್ಟಾಗ 30 ರೂಪಾಯಿ ಹಿಂತಿರುಗಿಸಿದರು, ಅದು ಅವರ ದೊಡ್ಡತನ, ಆದರೆ ಪುಸ್ತಕವನ್ನು ಮತ್ತೆ ಅದೇ ಜಾಗಕ್ಕೆ ಇಟ್ಟರು. ಈಗ ನೀವು ತೆಗೆದುಕೊಂಡರೆ ಕೊನೆಯ ಪುಟ ಎಣಿಸಿ ತೆಗೆದುಕೊಳ್ಳಿ.

ಇಷ್ಟಾದರೂ ನಾನು ಡೆಪಾಸಿಟ್ ವಾಪಸ್ ಕೇಳಿಲ್ಲ, ಕೇಳುವುದೂ ಇಲ್ಲ. ಆನ್‌ಲೈನಿನಲ್ಲಿ ಇದೇ ಪುಸ್ತಕಗಳು ಸಿಗುತ್ತವೆ, ಹೊಸದು, ಹಾಳೆ ಪೂರ್ತಿ ಇರುವುದು. ಆದರೆ ಅದರೊಳಗೆ 2014ರಲ್ಲಿ ಏನಾಯಿತು ಅಂತ ಮೂರು ಪೆನ್ನಿನಲ್ಲಿ ಬರೆದ ಚೀಟಿ ಇರುವುದಿಲ್ಲ.

ಉಪಯೋಗಕ್ಕೆ ಬರುವ ಕೆಲವು ಮಾತು. ಸಂಜೆ 4ರಿಂದ 8ರವರೆಗೆ ತೆರೆದಿರುತ್ತದೆ, ಭಾನುವಾರ ಇಲ್ಲ. ಯುಪಿಐ ಇದೆ, ಆದರೆ ಮೆತ್ತಿನ ಮೇಲೆ ನೆಟ್‌ವರ್ಕ್ ಬರುವುದಿಲ್ಲ, ಕೆಳಗೆ ಟೇಲರ್ ಹತ್ತಿರ ಇಳಿದು ಹಣ ಹಾಕಿ ಮತ್ತೆ ಹತ್ತಬೇಕು, ನೋಟು ಒಯ್ಯುವುದೇ ವಾಸಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಬಾಗಿಲು ಹಾಕಿರುತ್ತಾರೆ. ಕುಮಟಾ, ಕಾರವಾರ ಕಡೆಯ ಖಾಯಂ ಗಿರಾಕಿಗಳಿಗೆ ಪುಸ್ತಕ ಕಟ್ಟಿ ಬಸ್ಸಿನಲ್ಲಿ ಕಳಿಸಿಕೊಡುವುದೂ ಉಂಟು, ದೇವಿಮನೆ ಘಟ್ಟದಲ್ಲಿ ರಸ್ತೆ ಬಂದ್ ಆದರೆ ಆ ವಾರದ ಬಾಡಿಗೆ ಹಿಡಿಯುವುದಿಲ್ಲ. ಕಾಫಿ, ತಿಂಡಿ ಮೇಲೆ ತರುವ ಹಾಗಿಲ್ಲ. ಶನಿವಾರ ಹೋಗುವವರು, ಕೊನೆಯ ಬಸ್ ಹಿಡಿಯಬೇಕಾದವರಾದರೆ, ಸ್ಟಾರ್ ವಾರ್ಸ್ ರ್ಯಾಕಿನ ಎದುರಿನ ಕುರ್ಚಿಯಲ್ಲಿ ಮಾತ್ರ ಕೂರಬೇಡಿ.